ಮೊಮ್ಮಗನ ಹೆಸರಿನಲ್ಲಿ ಒಂದು ಗಿಟಾರ್

ಜಮಖಂಡಿಯ ವಾದ್ಯಗಳ ಅಂಗಡಿಯಲ್ಲಿ ನನಗೊಂದು ರೆಪ್ಯುಟೇಶನ್ ಇತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ ಗಿಟಾರ್ ಅರ್ಧಮರ್ಧ ನೆನಪಿತ್ತಲ್ಲ, ಹಾಗಾಗಿ ಪರಿಚಯದವರು ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಮುಧೋಳದ ಹುಡುಗಿಯ ಕೈ ಚಿಕ್ಕದು, ಅವಳಿಗೆ ಕುತ್ತಿಗೆ ಸಣ್ಣಗಿರುವ ಗಿಟಾರ್. ಬೀಳಗಿಯ ಆರ್ಕೆಸ್ಟ್ರಾದವನು ಮದುವೆಗಳಲ್ಲಿ ತಾಸುಗಟ್ಟಲೆ ನಿಂತು ನುಡಿಸುವವನು, ಅವನಿಗೆ ಹಗುರವಾದದ್ದು, ಹೆಗಲಿಗೆ ಅಗಲ ಪಟ್ಟಿ. ನಾನು ಬೆರಳು ತೋರಿಸಿದ್ದನ್ನು ಅಂಗಡಿಯವನು ತಕರಾರಿಲ್ಲದೆ ಇಳಿಸಿಕೊಡುತ್ತಿದ್ದ.

ಹೀಗೆ ಯಾರಿಗೋ ಎಂದು ಒಂದನ್ನು ತೊಡೆಯ ಮೇಲಿಟ್ಟು ನೋಡುವಾಗ, ಗಂಟು ಗಂಟಾದ ನನ್ನ ಬೆರಳುಗಳು ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕಾದ ಎಫ್ ಕಾರ್ಡ್ ಹಿಡಿದುಬಿಟ್ಟವು. ಮನೆಯ ಹಳೆಯ ಗಿಟಾರಿನ ದಪ್ಪ ತಂತಿಯ ಮೇಲೆ ಅದು ಎಂದೋ ಕೈಬಿಟ್ಟಿತ್ತು. ಇಲ್ಲಿ ತಂತಿ ತೆಳು, ಮುಟ್ಟಿದರೆ ಸಾಕು. ನನ್ನೂರು ಬನಹಟ್ಟಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಕಂಬಿಯನ್ನು ಅದೇ ಬೆರಳುಗಳಿಂದ ಒತ್ತುತ್ತ ಕೂತಿದ್ದೆ. ಈ ವಯಸ್ಸಿನಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಎಲೆಕ್ಟ್ರಿಕ್ ಗಿಟಾರ್! ನನ್ನ ವಾರಗೆಯವರು ವಚನ ಹಾಡುತ್ತಾರೆ, ಹತ್ತಿ ಬತ್ತಿ ಹೊಸೆಯುತ್ತಾರೆ. ಸೋ ಸಿಲ್ಲಿ, ಎಂದು ನನಗೆ ನಾನೇ ಬೈದುಕೊಂಡೆ. ಆದರೂ ಮುಂದಿನ ವಾರ ಒಬ್ಬಳೇ ಹೋದೆ.

"ಇವತ್ತ ಯಾರಿಗ್ರಿ ಅಮ್ಮಾರ?"

"ಮೊಮ್ಮಗಗ." ಬಾಯಿಂದ ತಾನಾಗಿಯೇ ಬಂತು.

"ಎಷ್ಟ ವಯಸ್ಸರಿ ಅವಂಗ?"

"ಸಿಕ್ಸ್‌ಟೀನ್."

ಅಂಗಡಿಯವನು ಹುರುಪಿನಿಂದ ಕೋಡಿನ ಹಾಗೆ ಚೂಪಾದ ಕರಿಯ ಗಿಟಾರೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟ. ಹೆಗಲಪಟ್ಟಿಯ ತುಂಬ ತಲೆಬುರುಡೆಯ ಚಿತ್ರಗಳು. ಭಾರಕ್ಕೆ ಮಂಡಿ ನೊಂದಿತು.

"ಇಷ್ಟ ವಜ್ಜಿ ಬ್ಯಾಡಪಾ. ಅವಂಗ ಹೆಗಲ ನೋಯತೈತಿ."

"ತಂತಿ ದಪ್ಪನ್ನು ಹಾಕ್ಲೇನ್ರಿ? ಹುಡುಗ್ರು ಜೋರ ಬಾರಸ್ತಾರ."

"ಬ್ಯಾಡ, ಎಲ್ಲಾಕಿಂತ ತೆಳ್ಳನ್ನು. ಬೆರಳ ಬಾತಾವ ಅವನ್ವು."

ಅವನು ನನ್ನ ಮುಖ ನೋಡಿದ. "ಹದಿನಾರಕ್ಕ ಸಂಧಿವಾತ ಏನ್ರಿ? ಮೊದ್ಲ ದವಾಖಾನಿಗೆ ತೋರಸ್ರಿ!"

ಮಾತು ತಪ್ಪಿಸಲು, "ಪಿಕ್ ಸೈತ ತೆಳು ಇರ್ಲಿ" ಎಂದೆ, ಸ್ವಲ್ಪ ಜೋರಾಗಿಯೇ. ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆಯನ್ನು ಕೇಳಿದ್ದು ನಾನು. ಆದರೆ ನಮ್ಮ ಬನಹಟ್ಟಿಯಲ್ಲಿ ಪಿಕ್ ಎಂದರೆ ಸೀರೆ ನೇಯುವ ಮಗ್ಗದಲ್ಲಿ ಅಡ್ಡ ಹಾಯುವ ಹೊಕ್ಕಿನ ಎಳೆ.

"ಪಿಕ್ ತೆಳು ಮಾಡಿದ್ರ ಸೀರಿ ಜಾಳ ಆಕ್ಕಾವಲ್ರಿ ಅಕ್ಕಾರ!" ಎಂದು ಹಿಂದಿನಿಂದ ದನಿ ಬಂತು. ತಿರುಗಿದರೆ ನಮ್ಮ ಓಣಿಯ ಪಾವರ್‌ಲೂಮಿನವನು, ರಿಪೇರಿಗೆ ತಂದ ಹಾರ್ಮೋನಿಯಂ ಬಗಲಲ್ಲಿಟ್ಟುಕೊಂಡು ನಗುತ್ತಿದ್ದ. "ಇಲ್ಲೇನ ಖರೀದಿ ನಡಸೀರಿ?"

"ಅಮ್ಮಾರ ಮೊಮ್ಮಗಗ ಗಿಟಾರ" ಎಂದ ಅಂಗಡಿಯವನು.

"ಮೊಮ್ಮಗ? ನಿಮ್ಮನ್ಯಾಗ ಇಬ್ರೂ ಹೆಣ್ಣ ಮೊಮ್ಮಕ್ಕಳಲ್ರಿ? ಇಂವ ಯಾವಾಗ ಹುಟ್ಯಾನ್ರಿ? ನಮ್ಮನಿಗೆ ಪೇಢೇನ ಬರಲಿಲ್ಲಲ್ರಿ!"

ಇಬ್ಬರೂ ನನ್ನತ್ತ ನೋಡುತ್ತಿದ್ದರು. ಕಿವಿ, ಕುತ್ತಿಗೆ ಎಲ್ಲ ಬಿಸಿಯಾದವು. ಏನೂ ಬೇಡವೆಂದು ಎದ್ದು ಹೋಗಬಹುದಿತ್ತು. ಹೋದರೆ ಈ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುವುದಿಲ್ಲ, ಇನ್ನೊಮ್ಮೆ ಕಾರ್ಡ್ ಹಿಡಿಯುವುದೂ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ನನಗ" ಎಂದೆ. ತೊಡೆಯ ಮೇಲಿನ ಗಿಟಾರಿಗೇ ಹೇಳಿದಂತಿತ್ತು.

"ಯಾರಿಗ್ರಿ?" ಎಂದ ಅಂಗಡಿಯವನು.

"ನನಗಪಾ. ಫಾರ್ ಮೀ." ಇಂಗ್ಲಿಷಿನಲ್ಲಿ ಹೇಳಿದರೆ ನಾಚಿಕೆ ಕಡಿಮೆಯಾದೀತು ಅಂದುಕೊಂಡಿದ್ದೆ. ಆಗಲಿಲ್ಲ.

ಅಂಗಡಿಯವನು ತಲೆಬುರುಡೆಗಳನ್ನು ಎತ್ತಿಟ್ಟು, ಕೆನೆಬಣ್ಣದ ಹಗುರವಾದ ಗಿಟಾರ್ ತಂದ. ತೆಳು ತಂತಿ ಹಾಕಿ ಕೊಟ್ಟ. ಎಫ್ ಕಾರ್ಡ್ ನಿಂತಿತು. ನಾನು ತಲೆ ಎತ್ತಲಿಲ್ಲ.

"ಸ್ಪೀಕರ್ ಸಣ್ಣದ ಕೊಡ್ಲೋ, ದೊಡ್ಡದ್ರಿ?"

"ದೊಡ್ಡದ ತಗೋರಿ ಅಕ್ಕಾರ" ಎಂದ ಓಣಿಯವನು. "ನಮ್ಮ ಮಗ್ಗದ ಸಪ್ಪಳದಾಗ ಸಣ್ಣದ ಯಾರಿಗೆ ಕೇಳಬೇಕ್ರಿ?"

"ಯಾರಿಗೂ ಕೇಳೂದ ಬ್ಯಾಡ" ಎಂದೆ. "ಹೆಡ್‌ಫೋನ್ ಕೊಡು."