ಜೇಬಿನಲ್ಲಿ ಹೋದ ಬೂಟ್‌ಲೋಡರ್

ಹೊಸಕೋಟೆ ತಾಲ್ಲೂಕಿನ ಕಂಪ್ಯೂಟರುಗಳಿಗೆ ಲಿನಕ್ಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ತಂದವನೇ ನಾನು. ಸುಳ್ಳು ಬಿಡು, ನಾನು ತಂದದ್ದು ಪೆನ್‌ಡ್ರೈವ್ ಮಾತ್ರ.

ಏರ್‌ಪೋರ್ಟ್ ಶುರುವಾದ ಹೊಸದರಲ್ಲಿ, ಸೂಲಿಬೆಲೆ ಕಡೆಯ ಹಾಲಿನ ಡೈರಿಯೊಂದರಲ್ಲಿ, ಹಾಲಿನ ಲೆಕ್ಕ ಇಡುವ ಕಂಪ್ಯೂಟರನ್ನು ಎಬ್ಬಿಸುವ ಬೂಟ್‌ಲೋಡರ್ ಅಪ್‌ಗ್ರೇಡ್ ಮಾಡಿ ಬಂದಿದ್ದೆ. ಮರುದಿನ ಅದು ಏಳಲೇ ಇಲ್ಲ. ಕ್ಯಾನು ಹಿಡಿದವರು ಸಾಲುಗಟ್ಟಿದ್ದರು. ಹಾಲು ಒಡೆಯುವ ಭಯ. ನಾನು ಬೆವರುತ್ತಾ ಕಮಾಂಡ್ ಕುಟ್ಟುತ್ತಿದ್ದೆ. ಹಾಲಿನ ಫ್ಯಾಟ್ ನೋಡುವ ರತ್ನಮ್ಮ ಕೇಳಿದರು:

"ಏನಪ್ಪಾ, ನಿನ್ನೆ ಚುಚ್ಚಿದ್ಯಲ್ಲ, ಆ ಪೆನ್‌ಡ್ರೈವ್ ಎಲ್ಲಿ?"

ಜೇಬಿನಿಂದ ತೆಗೆದು ಚುಚ್ಚಿದೆ. ಕಂಪ್ಯೂಟರ್ ಎದ್ದು ಕೂತಿತು! ಕಂಪ್ಯೂಟರಿಗೆ ಹಾಕಬೇಕಿದ್ದ ಬೂಟ್‌ಲೋಡರನ್ನು ಪೆನ್‌ಡ್ರೈವಿಗೇ ಹಾಕಿ ಮನೆಗೆ ಹೊತ್ತೊಯ್ದಿದ್ದೆ.

"ನಿಮ್ಮನ್ನ ಪರೀಕ್ಷೆ ಮಾಡ್ದೆ" ಅಂದೆ. ಯಾರೂ ನಂಬಲಿಲ್ಲ.

"ರತ್ನಕ್ಕನೇ ಇಂಜಿನಿಯರ್ ಕಣ್ರೋ!" ಅಂತ ಸಾಲೆಲ್ಲ ಕೂಗಿತು. ಡೈರಿ ಕಾರ್ಯದರ್ಶಿ ನನಗೆಂದು ತರಿಸಿದ್ದ ಟೀಯನ್ನು ರತ್ನಮ್ಮನ ಕೈಗಿಟ್ಟರು. ಈಗಲೂ ಅಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲು ಆಕೆಯನ್ನೇ ಕರೀತಾರಂತೆ. ನನ್ನ ಹೊಟ್ಟೆ ಇನ್ನೂ ಉರೀತಿದೆ. ಅವತ್ತಿನ ಟೀ ತಪ್ಪಿತು. ಇವತ್ತಿನ ಟೀಗೆ ಕಾಸು ನೀನೇ ಕೊಟ್ಬಿಡು ಗುರು.