ಅಜ್ಜನ ಔಷಧ, ಶಾಂತವ್ವನ ಆಡು

ಗೊಳಸಂಗಿಯ ನಮ್ಮ ಓಣಿಯಲ್ಲಿ ಆಗ ಔಷಧವನ್ನು ಯಾರೂ ಎಸೆಯುತ್ತಿರಲಿಲ್ಲ. ಉಳಿದ ಗುಳಿಗೆ ಗೋಡೆಯ ಗೂಡು ಸೇರುತ್ತಿತ್ತು. ಮುಂದೆ ಯಾರಿಗೆ ಜ್ವರ ಬಂದರೂ ಅದನ್ನೇ ನುಂಗುವುದು. ಮೇಲಿನ ತಾರೀಖು ಓದುವವರು ಯಾರಿದ್ದರು? ಸತ್ತವರ ಔಷಧ ಮಾತ್ರ ಮನೆಯಲ್ಲಿ ಉಳಿಯಬಾರದು. ಇಟ್ಟುಕೊಂಡರೆ ಇನ್ನೊಬ್ಬರು ಹಾಸಿಗೆ ಹಿಡಿಯುತ್ತಾರೆಂಬ ಅಂಜಿಕೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಜೋಳದ ರಾಶಿ ಮುಗಿಯುವ ಹೊತ್ತಿಗೆ ಅಜ್ಜ ತೀರಿಕೊಂಡ. ಅವನ ತಲೆದಿಂಬಿನ ಬಳಿಯಿದ್ದ ಕೆಂಪು ಸಿಹಿ ಔಷಧದ ಬಾಟಲಿಗಳನ್ನೂ ಗುಳಿಗೆಗಳನ್ನೂ ಅವ್ವ ಬುಟ್ಟಿಗೆ ಹಾಕಿ ನನ್ನ ಕೈಗಿತ್ತಳು.

“ತಿಪ್ಪ್ಯಾಗ ಆಳಕ್ಕ ಹುಗದು ಬಾ. ಬಾಟ್ಲಿ ಸುದ್ದಾ. ತಿಳೀತಿಲ್ಲೊ?”

“ತಿಳೀತ ಬೇ.”

ಆದರೆ ಖಾಲಿ ಬಾಟಲಿಗೆ ಬೆಂಡು ಬತ್ತಾಸು ಕೊಡುವವನ ಗಂಟೆ ಓಣಿಯ ತುದಿಯಲ್ಲಿ ಕೇಳುತ್ತಿತ್ತು. ನೆಲಕ್ಕೆ ಸುರಿದರೆ ಕೆಂಪು ಕಲೆ ಅವ್ವನ ಕಣ್ಣಿಗೆ ಬೀಳುತ್ತದೆ. ಹಿತ್ತಲಲ್ಲಿ ಮುಸುರೆಯ ಗಡಿಗೆ ಇತ್ತು. ಪಾತ್ರೆ ತೊಳೆದ ಹಿಟ್ಟಿನ ನೀರನ್ನು ಅದರಲ್ಲಿ ಕೂಡಿಟ್ಟು ಪಕ್ಕದ ಮನೆಯ ಶಾಂತವ್ವನ ಆಡಿಗೆ ಕೊಡುತ್ತಿದ್ದೆವು. ಔಷಧ, ಗುಳಿಗೆ ಎಲ್ಲವನ್ನೂ ಅದಕ್ಕೆ ಸುರಿದು ಖಾಲಿ ಬಾಟಲಿ ಹಿಡಿದು ಓಡಿದೆ. ಬಂದ ಮೇಲೆ ಗಟಾರಕ್ಕೆ ಚೆಲ್ಲಿದರಾಯಿತು ಎಂದುಕೊಂಡಿದ್ದೆ. ಬತ್ತಾಸು ಚೀಪುತ್ತ ಬಂದಾಗ ಶಾಂತವ್ವ ಮುಸುರೆ ಒಯ್ದಾಗಿತ್ತು, ಗಡಿಗೆ ಬರಿದಾಗಿ ಬೋರಲು ಬಿದ್ದಿತ್ತು.

ಮರುದಿನ ಆಡು ಸತ್ತಿತು. ಶಾಂತವ್ವನ ಮೊಮ್ಮಗ ಅದರ ಹಾಲಿನ ಮೇಲೆಯೇ ಬೆಳೆಯುತ್ತಿದ್ದ ಕೂಸು.

ಎದುರು ಮನೆಯ ಬಂದವ್ವ ಹಿಂದಿನ ದಿನವಷ್ಟೇ ಆ ಆಡನ್ನು ನೋಡಿ, “ಏನ ಕೆಚ್ಚಲವ್ವಾ ಇದು, ಎಮ್ಮಿ ನಾಚಬೇಕು” ಎಂದಿದ್ದಳು. ಶಾಂತವ್ವ ಅವಳ ಕಟ್ಟೆಯ ಮುಂದೆ ಹೋಗಿ ನಿಂತಳು.

“ನಿನ್ನ ನೆದರ ಬಿದ್ದ ಸತ್ತೈತಿ ನನ್ನ ಆಡು.”

“ನನ್ನ ಕಣ್ಣಾಗ ಅಷ್ಟ ಕಸುವು ಇದ್ದಿದ್ರ ಮೊದಲ ನಮ್ಮತ್ತೀನ ನೋಡ್ತಿದ್ದೆ” ಎಂದಳು ಬಂದವ್ವ. ಯಾರೂ ನಗಲಿಲ್ಲ.

ಅಂದಿನಿಂದ ಅವಳು ಹಾದುಹೋದರೆ ತಾಯಂದಿರು ಕೂಸಿನ ಮೇಲೆ ಸೆರಗು ಮುಚ್ಚತೊಡಗಿದರು. ಓಣಿಯ ಪ್ರತಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಾಡುತ್ತಿದ್ದವಳು ಅವಳೇ. ಕರೆ ನಿಂತುಹೋಯಿತು. ಒಮ್ಮೆ ನನ್ನ ಕೈಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕೇಳಿದಳು: “ನೀನರ ಹೇಳೋ ತಮ್ಮಾ, ನನ್ನ ಕಣ್ಣು ಕೆಟ್ಟದ್ದೇನು?”

“ಇಲ್ಲ ಬೇ” ಎಂದೆ. ರೊಟ್ಟಿ ತಿಂದು ಬಂದೆ.

ಈಗ ಮುಸುರೆ ಗಟಾರಕ್ಕೆ ಹೋಗುತ್ತದೆ, ಅದನ್ನು ಒಯ್ಯಲು ನೆರೆಯವರು ಬರುವುದಿಲ್ಲ. ಶಾಂತವ್ವ ಇಲ್ಲ, ಬಂದವ್ವನೂ ಇಲ್ಲ. ತಾರೀಖು ಮುಗಿದ ಗುಳಿಗೆ ಕೈಗೆ ಬಂದರೆ ಎಲ್ಲಿ ಹಾಕುವುದೆಂದು ಇಂದಿಗೂ ತೋಚದೆ ನಿಂತುಬಿಡುತ್ತೇನೆ.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಬಂದವ್ವ ಇನ್ನೂ ಬದುಕಿದ್ದಳು. ಅವಳನ್ನು ಕರೆಯೋಣ ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಂಗಸರು ಹಾಡು ಮುಗಿಸಿ ಹೋದ ಮೇಲೆ ಹೊರಗೆ ಬಂದೆ. ಎದುರು ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಸಣ್ಣ ದನಿಯಲ್ಲಿ ಜೋಗುಳ ಹಾಡುತ್ತಿದ್ದರು. ಆ ಮನೆಯಲ್ಲಿ ಕೂಸಿರಲಿಲ್ಲ.