ಮಾಸ್ತರರ ಬೆರಳು, ನನ್ನ ಪಾಸ್‌ವರ್ಡ್

ಮಕ್ಕಳೇ, ಶಿವು, ಗೌರಿ, ನಮ್ಮ ಸಂಘದ ಕಂಪ್ಯೂಟರ್ ಮಾಸ್ತರರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಅದೊಂದು ಬೆರಳು ತಟ್ಟೆಯ ಮೇಲೆ ಗೂಟದಂತೆ ನಿಂತಿರುತ್ತಿತ್ತು. ನೀವು ನೋಡಿ ನಕ್ಕಿದ್ದಿರಿ, ಅವರೂ ನಕ್ಕಿದ್ದರು. ನಾನು ಒಳಗೆ ಹೋಗಿ ಅತ್ತಿದ್ದೆ.

ನಾರಾಯಣಖೇಡದ ನಮ್ಮ ಮಹಿಳಾ ಸಂಘ ಸುತ್ತಲ ಹಳ್ಳಿಗಳ ತೊಗರಿ ತೂಗಿ ತಾಂಡೂರಿನ ದಾಲ್‌ಮಿಲ್ಲಿಗೆ ಕಳಿಸುತ್ತಿತ್ತು. ತೂಕವನ್ನು ಮಾಸ್ತರರು ಮಾಡಿಕೊಟ್ಟ ಫೋನಿನ ಆ್ಯಪ್‌ನಲ್ಲಿ ಬರೆದರೆ ಅದು ಜಹೀರಾಬಾದಿನಲ್ಲಿದ್ದ ಸರ್ವರಿಗೆ ಹೋಗುತ್ತಿತ್ತು. ಆ ಫೋನು ಸಂಘದ್ದೇ ಎಂದು ಸರ್ವರ್ ನಂಬಲು ಒಂದು ಸರ್ಟಿಫಿಕೇಟ್ ಫೈಲು ಬೇಕು. ಅದರ ಪ್ರತಿ ಫೋನು, ಸರ್ವರ್ ಎರಡೂ ಕಡೆ ಇರುತ್ತಿತ್ತು. ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿರಲಿಲ್ಲ.

ಸಂಘದ ಹಣದ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಕೀಲಿ ಇನ್ನೊಬ್ಬಳ ಮನೆಯಲ್ಲಿ ಇಡುವುದು ನಮ್ಮ ರೂಢಿ. ಮಾಸ್ತರರಿಗೆ ಇದು ಬಹಳ ಹಿಡಿಸಿತು. ಫೈಲಿದ್ದ ಫೋನನ್ನು ಅಧ್ಯಕ್ಷೆಗೆ ಕೊಟ್ಟು, ಪಾಸ್‌ವರ್ಡ್ ನನಗೆ ಬಿಟ್ಟರು.

"ನೀವ್ ಯಾರ ಮುಂದನೂ ಮಾತಾಡೋರಲ್ಲ. ನಿಮ್ಮ ಕಡೀನೇ ಇರ್ಲಿ ಅಮ್ಮಾ. ನನಗೂ ಹೇಳಬ್ಯಾಡ್ರಿ," ಎಂದು, ನಾನು ಅದನ್ನು ಒತ್ತುವಾಗ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ಸಂಕ್ರಾಂತಿಗೆ ಪೆಟ್ಟಿಗೆಯ ಬೀಗ ಬದಲಿಸುವುದೂ ನಮ್ಮ ರೂಢಿಯೇ. ಆ ವರ್ಷ ನಾನು ಪಾಸ್‌ವರ್ಡನ್ನೂ ಬದಲಿಸಿ, ಅವರು ಕಲಿಸಿದಂತೆ ಹೊಸ ಫೈಲನ್ನು ಎರಡೂ ಕಡೆ ಹಾಕಿದೆ. ಮರುದಿನ ತೂಕ ಹೋಗಲೇ ಇಲ್ಲ. ಲಾರಿ ಸಂಘದ ಬಾಗಿಲಲ್ಲೇ ನಿಂತಿತು. ಮಾಸ್ತರರು ಜಹೀರಾಬಾದಿನಿಂದ ಬಸ್ಸು ಹಿಡಿದು ಬಂದರು.

"ಫೋನಿನ್ಯಾಗ ಫೈಲ್ ತೆರೀತದ. ಅಂದ್ರ ಫೈಲ್ ಕೆಟ್ಟಿಲ್ಲ. ಸರ್ವರ್ ಯಾಕ ತೆರೀವಲ್ದು?" ಫೋನು ಮೇಜಿನ ಮೇಲಿಟ್ಟು ಕೇಳಿದರು, "ಅಮ್ಮಾ, ಹಬ್ಬಕ್ಕ ಕೀಲಿ ಬದಲ್ ಮಾಡೀರೇನ್ರಿ?"

ಹೂಂ ಎಂದೆ. ಅವರು ಜೋರಾಗಿ ನಕ್ಕರು. ಫೈಲು ಹೊಸದಾಗಿತ್ತು, ಅದನ್ನು ತೆರೆಯಲೆಂದು ನಾನು ಮೊದಲೇ ಸರ್ವರಿನಲ್ಲಿ ಒತ್ತಿಟ್ಟಿದ್ದ ಪಾಸ್‌ವರ್ಡ್ ಹಳೆಯದೇ ಉಳಿದಿತ್ತು.

ಅದನ್ನು ತಿದ್ದುವ ಮೊದಲೇ ನಾಲ್ಕು ಜನ ದಲಾಲರು ಬಾಗಿಲು ಒದ್ದು ನುಗ್ಗಿದರು. ಸಂಘ ಬಂದ ಮೇಲೆ ಅವರ ಮೋಸದ ತಕ್ಕಡಿಗೆ ಯಾರೂ ಹೋಗುತ್ತಿರಲಿಲ್ಲ. ಅಧ್ಯಕ್ಷೆ ಕೊಟ್ಟುಹೋಗಿದ್ದ ಫೋನನ್ನು ಮೇಜಿನಿಂದ ಕಸಿದುಕೊಂಡರು. ಪಾಸ್‌ವರ್ಡೂ ಸಿಕ್ಕರೆ ಸಂಘದ ಹೆಸರಿನಲ್ಲೇ ತೂಕ ಇಳಿಸಿ ಬರೆದು ನಮ್ಮನ್ನು ಮುಗಿಸಬಹುದಿತ್ತು.

"ಪಾಸ್‌ವರ್ಡ್ ಹೇಳಲೇ!" ಎಂದು ಒಬ್ಬ ಮಾಸ್ತರರ ಕೊರಳಪಟ್ಟಿ ಹಿಡಿದ.

"ನನಗ ಗೊತ್ತಿಲ್ಲ."

"ಮಾಡ್ದಾಂವ ನೀನು, ನಿನಗ ಗೊತ್ತಿಲ್ಲಾ?"

ಕಬ್ಬಿಣದ ಸರಳಿನಿಂದ ಮಂಡಿಗೆ ಹೊಡೆದರು. ಬಿದ್ದವರ ಬಾಯಿಗೆ ಒದ್ದರು. ಒಬ್ಬ ಅವರ ಬಲಗೈಯನ್ನು ತಕ್ಕಡಿಯ ತಟ್ಟೆಗೆ ಒತ್ತಿ ಹಿಡಿದ, ಇನ್ನೊಬ್ಬ ತೂಕದ ಕಲ್ಲು ಎತ್ತಿದ. "ಆ ಮುದುಕೀನ ಕೇಳೂಣೇನು?" ಎಂದು ಮೂರನೆಯವನು ನನ್ನ ಕಡೆ ತಿರುಗಿದ.

"ಅಕಿಗೇನ್ ಗೊತ್ತದಲೇ, ತೊಗರಿ ಕೇರಾಕಿಗಿ!" ಎಂದು ಮಾಸ್ತರರೇ ಕೂಗಿದರು. ಒಮ್ಮೆ ನನ್ನನ್ನು ನೋಡಿದರು. ಆಮೇಲೆ, ಅಂದಿನಂತೆಯೇ, ಗೋಡೆಯ ಕಡೆ ಮುಖ ತಿರುಗಿಸಿದರು.

ಕಲ್ಲು ಇಳಿಯಿತು. ಎರಡನೆಯ ಸಲವೂ ಇಳಿಯಿತು. ನನ್ನ ಕೈಯಲ್ಲಿ ಮೊರವಿತ್ತು, ಬಾಯಲ್ಲಿ ಪಾಸ್‌ವರ್ಡ್ ಇತ್ತು. ಹೇಳಲಿಲ್ಲ.

ಅಷ್ಟರಲ್ಲಿ ಕೂಗು ಕೇಳಿ ಅಧ್ಯಕ್ಷೆ ಹೆಂಗಸರನ್ನು ಕಟ್ಟಿಕೊಂಡು ಒನಕೆ ಹಿಡಿದು ಬಂದಳು. ಒಬ್ಬನ ಹಲ್ಲು ಉದುರಿತು, ಫೋನು ನಮ್ಮ ಕೈಗೆ ಬಂತು, ನಾಲ್ವರೂ ಓಡಿದರು. ತೊಗರಿಯ ಮೇಲೆ ರಕ್ತ ಚೆಲ್ಲಿತ್ತು.

"ದವಾಖಾನಿಗಿ ನಡೀರಿ ಸರ್," ಎಂದಳು ಅಧ್ಯಕ್ಷೆ.

"ಮೊದ್ಲ ಅಮ್ಮ ಪಾಸ್‌ವರ್ಡ್ ಹಾಕ್ಲಿ." ಕೈಗೆ ಸುತ್ತಿದ ಟವೆಲ್ಲು ನೆನೆಯುತ್ತಿತ್ತು, ಆಗಲೂ ಅವರು ನನ್ನತ್ತ ನೋಡಲಿಲ್ಲ. ಒತ್ತಿದೆ. ತೂಕ ಹೋಯಿತು. ಲಾರಿ ತಾಂಡೂರಿಗೆ ಹೊರಟಿತು.

ಎಷ್ಟೋ ದಿನಗಳ ಮೇಲೆ ಅವರಲ್ಲಿ ತಪ್ಪಾಯಿತೆಂದೆ. "ಎರಡನೇ ಏಟಿಗಿ ನೀವ್ ಬಾಯಿ ಬಿಟ್ಟಿದ್ರ, ಮೊದಲ್ನೇದು ಸುಮ್ಮನ ತಿಂದಂಗ ಆಗ್ತಿತ್ರಿ ಅಮ್ಮಾ," ಎಂದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಎದೆಯ ಮೇಲೆ ಅವರ ಕೈ ಜೋಡಿಸಿಟ್ಟಿದ್ದರು. ಆ ಬೆರಳು ಮಾತ್ರ ಮಡಚದೆ ನಿಂತಿತ್ತು.

ಮಕ್ಕಳೇ, ಅಂದು ಸುಮ್ಮನಿದ್ದವಳು ಇಷ್ಟನ್ನು ಬರೆದಿದ್ದೇನೆ. ಈ ಹಾಳೆಗಳನ್ನು ನನ್ನ ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ಪೆಟ್ಟಿಗೆ ಶಿವು ಹತ್ತಿರ ಇರಲಿ, ಕೀಲಿ ಗೌರಿ ಹತ್ತಿರ.